ಮೊಳೆ ಹೊಡೆಯದ ಗೋಡೆ

ಮಹಡಿಯ ಎರಡು ಕೋಣೆಗಳನ್ನು ಟೈಲರಮ್ಮನಿಗೆ ಬಾಡಿಗೆಗೆ ಕೊಟ್ಟಾಗ ನಾನು ಹಾಕಿದ್ದು ಒಂದೇ ಷರತ್ತು: ಗೋಡೆಗೆ ಮೊಳೆ ಹೊಡೆಯಕೂಡದು. ಹಿಂದಿನವರು ಗೋಡೆಯನ್ನು ಜರಡಿ ಮಾಡಿಟ್ಟು ಹೋಗಿದ್ದರು. ಗಂಡ ತೀರಿಕೊಂಡು ಆರು ತಿಂಗಳಾಗಿದ್ದ ಹೆಂಗಸು, "ಆಯ್ತಕ್ಕಾ" ಎಂದಳು. ನಾಲ್ಕು ವರ್ಷದಲ್ಲಿ ಅವಳ ದನಿ ಏರಿದ್ದನ್ನು ನಾನು ಕೇಳಿಲ್ಲ. ಆದರೂ ನನ್ನ ಕಿವಿ ಸದಾ ಮಹಡಿಯ ಕಡೆಗೇ. ಮನೆ ಮಾಲೀಕಳಾದ ಮೇಲೆ ಅಂಟಿದ ರೋಗ ಅದು.

ಒಂದು ಬೆಳಿಗ್ಗೆ ಮೇಲಿನಿಂದ ಟಕ್, ಟಕ್, ಟಕ್.

"ಕೇಳಿಸ್ತಾ? ಹೊಡೆದೇ ಬಿಟ್ಳು!" ಎಂದೆ.

ಯಜಮಾನರು ಪತ್ರಿಕೆಯಿಂದ ತಲೆ ಎತ್ತಲಿಲ್ಲ. "ನಿಂಗೆ ಬೇರೆ ಕೆಲಸ ಇಲ್ವೇನೇ?"

"ಒಂದೇ ಒಂದು ಮೊಳೆ ಕಾಣ್ಲಿ, ತಿಂಗಳ ಕೊನೆಗೆ ಗಂಟುಮೂಟೆ ಕಟ್ಟಿಸ್ತೀನಿ."

ಅವಳು ಅಂಗಡಿಗೆ ಹೊರಟು ಮೆಟ್ಟಿಲಿಳಿದದ್ದೇ ತಡ, ನನ್ನ ಬಳಿಯಿದ್ದ ಇನ್ನೊಂದು ಬೀಗದ ಕೈ ಹಿಡಿದು ಮೇಲೆ ಹೋದೆ. ಕಳ್ಳಿಯ ಹಾಗೆ.

ನಾಲ್ಕು ಗೋಡೆಗೂ ಕೈ ಸವರಿದೆ. ಒಂದು ತೂತಿಲ್ಲ. ಬಟ್ಟೆಗಳು ಕಿಟಕಿಯ ಸರಳುಗಳಿಗೆ ಕಟ್ಟಿದ ಹಗ್ಗದ ಮೇಲಿದ್ದವು. ಕ್ಯಾಲೆಂಡರ್ ಬಾಗಿಲ ಚಿಲಕಕ್ಕೆ ನೇತಾಡುತ್ತಿತ್ತು. ಮನೆಯಲ್ಲಿದ್ದ ಒಂದೇ ಕುರ್ಚಿಯ ಮೇಲೆ ಗಂಡನ ಫೋಟೊ. ಬೀಳದಂತೆ ಬೆನ್ನಿಗೆ ದಿಂಬು ಕೊಟ್ಟು ಕೂರಿಸಿದ್ದಳು. ನಾಲ್ಕು ವರ್ಷದಿಂದ ಕುರ್ಚಿ ಅವನಿಗೆ, ನೆಲ ಅವಳಿಗೆ.

ಅಷ್ಟರಲ್ಲಿ ಬಾಗಿಲಲ್ಲಿ ಟೈಲರಮ್ಮ. ಒಂದು ಕಾಲಿನ ಚಪ್ಪಲಿ ಕೈಯಲ್ಲಿತ್ತು, ಹೆಬ್ಬೆರಳಿನ ಪಟ್ಟಿ ಕಿತ್ತು ಜೋಲುತ್ತಿತ್ತು.

"ಬೆಳಿಗ್ಗೆ ಅಷ್ಟು ಬಡಿದು ಕೂರಿಸಿದ್ದೆ ಅಕ್ಕಾ, ಉಂಗುಷ್ಟ ಮತ್ತೆ ಕಿತ್ತೋಯ್ತು..." ಎಂದವಳು, ನಾನು ನಿಂತದ್ದು ತನ್ನ ಮನೆಯೊಳಗೆ ಎಂಬುದು ಹೊಳೆದು ಹೊಸ್ತಿಲಲ್ಲೇ ನಿಂತಳು.

ಅವಳು ಕೇಳುವ ಮುಂಚೆ ನಾನೇ ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, "ಗೋಡೆ ನೀರು ಕುಡೀತಿದೆಯಾ ಅಂತ ನೋಡೋಕೆ ಬಂದೆ" ಎಂದೆ.

ಅವಳು ಫೋಟೊ ಎತ್ತಿ ಎದೆಗವಚಿಕೊಂಡು ಕುರ್ಚಿ ನನ್ನತ್ತ ಸರಿಸಿದಳು. "ಕೂತ್ಕೊಳ್ಳಿ ಅಕ್ಕಾ. ಇವತ್ತು ಮನೆ ಗುಡಿಸಿಲ್ಲ, ತಪ್ಪು ತಿಳ್ಕೋಬೇಡಿ."

ಥೂ, ನನ್ನ ಜನ್ಮಕ್ಕಿಷ್ಟು! ತಪ್ಪು ನನ್ನದು, ಕ್ಷಮೆ ಕೇಳುತ್ತಿರುವವಳು ಅವಳು. ನಾಚಿಕೆಯಿಂದ ಹಿಡಿಯಷ್ಟಾದೆ. ಕೂರಲಿಲ್ಲ.

"ಫೋಟೊಗೆ ಒಂದು ಮೊಳೆ ಹೊಡ್ಕೊಳ್ಳಮ್ಮಾ" ಎಂದೆ.

"ಬೇಡಕ್ಕಾ, ಮಾತು ಕೊಟ್ಟಿದೀನಲ್ಲ."

ಬೀಗದ ಕೈಯನ್ನು ಅವಳ ಕೈಯಲ್ಲಿಟ್ಟು, ಮುಖ ನೋಡಲಾಗದೆ ಇಳಿದು ಬಂದೆ. ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ.

ಮಾರನೆಯ ದಿನದಿಂದ ಅಂಗಡಿಗೆ ಹೊರಡುವ ಮುಂಚೆ ಅವಳು ನಮ್ಮ ಬಾಗಿಲಿಗೆ ಬರುತ್ತಾಳೆ. ದನಿಯಲ್ಲಿ ಸಿಟ್ಟಿಲ್ಲ, ಕೊಂಕಿಲ್ಲ.

"ಅಕ್ಕಾ, ಬೀಗ ಹಾಕ್ತಿದೀನಿ. ಒಂದ್ಸಲ ಬಂದು ನೋಡ್ಕೊಂಬಿಡ್ತೀರಾ?"