ಪುಟ್ಟಲಕ್ಷ್ಮಮ್ಮ ಬಿಟ್ಟ ಒಂದು ಕಳೆ

ಹೇಮಗಿರಿ ಕಡೆಯಿಂದ ನಾಗಮಂಗಲದ ಮಳೆ ನಂಬಿದ ಬೆದ್ದಲು ಸೀಮೆಗೆ ಸೊಸೆಯಾಗಿ ಬಂದು ಪುಟ್ಟಲಕ್ಷ್ಮಮ್ಮನಿಗೆ ಮೂವತ್ತು ವರ್ಷ. ಅವಳು ಕಳೆ ಕಿತ್ತ ಸಾಲಿನಲ್ಲಿ ಒಂದು ಹುಲ್ಲುಕಡ್ಡಿ ಉಳಿದದ್ದನ್ನು ಯಾರೂ ಕಂಡಿರಲಿಲ್ಲ. ಅಂಥವಳು ತೊಂಬತ್ನಾಲ್ಕರ ಶ್ರಾವಣದಲ್ಲಿ, ಕೆಂಪಣ್ಣನ ರಾಗಿ ಹೊಲದ ನಡುವೆ, ಬೇಕೆಂದೇ ಒಂದು ಕಳೆ ಗಿಡ ಬಿಟ್ಟಳು.

ಅದರ ಎಲೆಯ ಮೇಲೆ ಅಕ್ಕಿಕಾಳಿನಷ್ಟು ಹಸಿರು ಹುಳು. ಸುತ್ತ ಇರುವೆಗಳು.

"ಇರುವೆ ಮುತ್ಕೊಂಡವೆ, ಸತ್ತೋಯ್ತದೆ ಬುಡಕ್ಕ," ಎಂದಳು ಪಕ್ಕದ ಸಾಲಿನ ಚಿಕ್ಕಬೋರಮ್ಮ.

"ಕಚ್ತಾ ಇಲ್ಲ ಕಣಮ್ಮಿ, ನೆಕ್ತಾವೆ. ಅಸ ಕರ ನೆಕ್ಕಲ್ವಾ, ಅಂಗೆ. ಇದು ಚಿಟ್ಟೆ ಆಯ್ತದೆ, ನೋಡ್ತಿರು."

"ಆಗ್ಲಿಲ್ಲ ಅಂದ್ರೆ?"

"ನಿನ್ನೊಲದಲ್ಲಿ ಒಂದಿನ ಬಿಟ್ಟಿ ಕಳೆ ಕೀಳ್ತೀನಿ. ಚಿಟ್ಟೆ ಆದ್ರೆ ನೀನು ನನ್ನೊಲದಲ್ಲಿ ಕೀಳ್ಬೇಕು."

ಆ ಊರಲ್ಲಿ ಒಬ್ಬರ ಹೊಲಕ್ಕೆ ಇನ್ನೊಬ್ಬರು ಮುಯ್ಯಾಳಾಗಿ ಹೋಗುವುದು ರೂಢಿ; ದಿನಕ್ಕೆ ದಿನ ತೀರಬೇಕು. ಮುಯ್ಯಿಲ್ಲದೆ ಸೊಂಟ ಬಗ್ಗಿಸಿದವರನ್ನು ಹೆಂಗಸರು ವರ್ಷವಿಡೀ ಆಡಿಕೊಂಡು ನಗುತ್ತಿದ್ದರು.

ಹುಳು ಎಲೆಗಂಟಿ ಪುಟ್ಟ ಗೂಡಾಯಿತು. ಪುಟ್ಟಲಕ್ಷ್ಮಮ್ಮ ದಿನಾ ಬೆಳಿಗ್ಗೆ ಹೋಗಿ ಬಗ್ಗಿ ನೋಡುವಳು. ಒಂಬತ್ತನೆಯ ದಿನ ಕಳೆ ಗಿಡ ಕೆಂಪಣ್ಣನ ಕಣ್ಣಿಗೇ ಬಿತ್ತು.

"ಏನಮ್ಮಿ, ಕಣ್ಣು ಮಂಜಾಯ್ತಾ?" ಎನ್ನುತ್ತಾ ಕೀಳಲು ಕೈ ಹಾಕಿದ.

ಅವಳು ಓಡಿಬಂದು ಗಿಡಕ್ಕೆ ಅಡ್ಡ ಕೂತೇಬಿಟ್ಟಳು. "ಮುಟ್ಟಿದ್ರೆ ನಿನ್ನೊಲಕ್ಕೆ ಇನ್ನು ಕಾಲಿಡಾಕಿಲ್ಲ ಕಣಣ್ಣ!"

ಅಂಥ ಆಳನ್ನು ಕಳೆದುಕೊಳ್ಳುವುದುಂಟೆ? ಕೆಂಪಣ್ಣ ಕೈ ಹಿಂದಕ್ಕೆಳೆದುಕೊಂಡು ತಾನೂ ಕುಕ್ಕರುಗಾಲಲ್ಲಿ ಕೂತ. ಕೂಗು ಕೇಳಿ ಹೆಂಗಸರೂ ಬಂದರು. ಬಿಸಿಲೇರುತ್ತಿದ್ದಂತೆ ಗೂಡು ಸೀಳಿತು. ಮುದುಡಿದ ರೆಕ್ಕೆ ಮೆಲ್ಲಗೆ ಬಿಚ್ಚಿಕೊಂಡಿತು. ಕಿರುಬೆರಳಿನ ಉಗುರಿನಷ್ಟು ಬೂದು ಚಿಟ್ಟೆ. ಹಿಂದಿನ ರೆಕ್ಕೆಯಂಚಿನ ಕೇಸರಿಯಲ್ಲಿ ಕಪ್ಪು ಚುಕ್ಕೆಗಳು ಮಿಂಚಿದವು.

"ಥೂ, ಇಷ್ಟೇ ಇಷ್ಟಕ್ಕೆ ಒಂದಿನಾನಾ?" ಚಿಕ್ಕಬೋರಮ್ಮ ಜಗಳ ತೆಗೆದಳು. "ಮಧ್ಯಾಹ್ನಗಂಟ ಬತ್ತೀನಿ, ಅಷ್ಟೇಯ!"

ಕೆಂಪಣ್ಣ ಗಂಭೀರವಾಗಿ ತೀರ್ಪು ಕೊಟ್ಟ: "ರೆಕ್ಕೆ ಎಲ್ಡು ಜೊತೆ ಅವೆ ಕಣಮ್ಮಿ, ಬೆಳಿಗ್ಗೆಗೊಂದು, ಸಂಜೆಗೊಂದು. ಪೂರ್ತಿ ದಿನ."

ಚಿಟ್ಟೆ ಮೊಣಕಾಲೆತ್ತರದಲ್ಲಿ ತೇಲಿತು. ಐವತ್ತರ ಪುಟ್ಟಲಕ್ಷ್ಮಮ್ಮ ಸೀರೆ ಎತ್ತಿಕಟ್ಟಿ, ಕೇಕೆ ಹಾಕುತ್ತಾ, ಮೇಕೆಮರಿಯಂತೆ ಸಾಲಿಂದ ಸಾಲಿಗೆ ನೆಗೆಯುತ್ತಾ ಹಿಂದೆ ಓಡಿದಳು.

ಮರುದಿನ ಚಿಕ್ಕಬೋರಮ್ಮ ಗೊಣಗುತ್ತಲೇ ಪುಟ್ಟಲಕ್ಷ್ಮಮ್ಮನ ಹೊಲಕ್ಕೆ ಬಂದು ಸಾಲು ಹಿಡಿದಳು. ಹತ್ತು ಮಾರು ಹೋಗುವಷ್ಟರಲ್ಲಿ ಬೋರಲು ಮಲಗಿ ಕೂಗಿದಳು: "ಅಕ್ಕೋ, ಬಾ ಇಲ್ಲಿ! ಇಲ್ಲೊಂದದೆ, ಇರುವೆ ಸಮೇತ!" ಸಂಜೆಯವರೆಗೆ ಇಬ್ಬರೂ ಎಲೆ ಮಗುಚಿ ನೋಡುತ್ತಾ ತೆವಳಿದರು. ಕಳೆ ಕಾಲುಭಾಗವೂ ಮುಗಿಯಲಿಲ್ಲ.