ತಪ್ಪಿದ ಪಾಠ ಯಾರು ಕಲಿಸಬೇಕು

ಹತ್ತಿ ಒಡೀತಂದ್ರ ನಮ್ಮ ಸಾಲಿ ಅರ್ಧ ಖಾಲಿ. ಜೇವರ್ಗಿಯಿಂದ ನೆಲೋಗಿ ಕಡೆ ಹೋಗೋ ಬಸ್ಸಿನ್ಯಾಗ ನಿಂತಕೊಂಡೇ ಹೋಗಿ, ಖಾಲಿ ಬೆಂಚಿಗೆ ಗಣಿತ ಹೇಳಬೇಕಂದ್ರ ನನಗ ಭಾಳ ಸಿಟ್ಟು ಬರ್ತದ. ಅದಕ್ಕಿಂತ ಹೆಚ್ಚು ಸಿಟ್ಟು ಮಕ್ಕಳು ತಿರುಗಿ ಬಂದ ಮ್ಯಾಲೆ. ಬಾಗಿಲದಾಗ ನಿಂತು, "ಏನೇನ್ ಆಗ್ಯಾದ್ರಿ ಟೀಚರ್?" ಅಂತಾರ, ನೀಡಸ್ಕೊಳ್ಳಾಕ ತಾಟು ಹಿಡದು ನಿಂತಂಗ. ಉಳಿದ ಮಾಸ್ತರಗೋಳು ಗೈಡ್ ನೋಡಿ ಉತ್ತರ ಬರಸಿ ಕೈ ತೊಳಕೋತಿದ್ರು. ನಾ ಒಲ್ಲೆ ಅಂದೆ. ಯಾವ ಪಾಠ ತಪ್ಪೇದ ಅಂತ ತಾವೇ ಕೇಳಿ ತಿಳಕೋಬೇಕು, ಗೆಳತ್ಯಾರ ಜೋಡಿ ಕುಂತು ಕಲೀಬೇಕು, ತೊಡಕಾದ್ರ ಊಟದ ಬಿಡುವಿನ್ಯಾಗ ನನ್ನ ಬಲ್ಲಿ ಬರಬೇಕು. ಆಮೇಲೆ ಬೋರ್ಡಿನ ಮ್ಯಾಲೆ ಲೆಕ್ಕ ಮಾಡಿ ತೋರಸಬೇಕು. "ಪಗಾರ ಇವರಿಗೆ, ಪಾಠ ಹೇಳೋದು ಮಕ್ಕಳು" ಅಂತ ಸ್ಟಾಫ್ ರೂಮಿನ್ಯಾಗ ನಕ್ಕರು. ನಗಲಿ.

ಹತ್ತನೇ ಕ್ಲಾಸಿನ ಒಬ್ಬ ಹುಡುಗಿ ಅವ್ವನ ಸಂಗಟ ಹತ್ತಿ ಬಿಡಿಸಾಕ ಹೋದಾಕಿ, ವರ್ಗ ಸಮೀಕರಣ ಪೂರಾ ಮುಗದ ಮ್ಯಾಲೆ ಬಂದ್ಲು. ಬೆರಳೆಲ್ಲ ಗೀರು. ನನ್ನ ನಿಯಮ ಹೇಳಿದೆ.

"ಹೇಳಾದು ನಿಮ್ಮ ಕೆಲಸ ಅಲ್ರಿ?" ಅಂದ್ಲು.

"ಕೇಳಾಕ ಬರೋದು ನಿನ್ನ ಕೆಲಸ," ಅಂದೆ.

ಕಣ್ಣು ಕೆಂಪು ಮಾಡಿ ನೋಡಿದ್ಲು. ಬರಲಿಲ್ಲ. ನಾ ದಿನಾ ಊಟದ ಡಬ್ಬಿ ತೆರದು ಕುಂತು ಬಾಗಿಲಾ ನೋಡಿದ್ದೇ ಬಂತು.

ಬಂದಾಕಿ ಅಕಿ ಅವ್ವ. ಸೀದಾ ಸ್ಟಾಫ್ ರೂಮಿಗೆ ನುಗ್ಗಿ, ಸೆರಗು ಸೊಂಟಕ್ಕ ಸಿಗಿಸಿ ನಿಂತ್ಲು.

"ಹೊಲಕ್ಕ ಒಯ್ದಾಕಿ ನಾ. ಬೈಯೋದಿದ್ರ ನನಗ ಬೈರಿ. ಹುಡುಗಿ ಮ್ಯಾಲೆ ಯಾಕ ಜಿದ್ದು ಹಿಡದೀರಿ? ಪೂರ್ವಸಿದ್ಧತಾ ಪರೀಕ್ಷೆದಾಗ ಗಣಿತ ಹೋತಂದ್ರ ಅಕಿ ಸಾಲಿ ಬಂದ್. ಅವರಪ್ಪ ಹೇಳ್ಯಾನ. ಆ ಪಾಪ ನಿಮಗ ಹತ್ತಲಿ."

"ನಾಳಿ ಮತ್ತ ಹೊಲಕ್ಕ ಒಯ್ತೀರಿ ಯಕ್ಕಾ. ಆವಾಗೂ ನಾನೇ ತುತ್ತು ಮಾಡಿ ಬಾಯಾಗ ಇಡಬೇಕೇನು?"

"ಉಸಾಬರಿ ಯಾಕ್ರೀ ಮೇಡಂ, ನಾಕ್ ಲೆಕ್ಕ ಬರಸಿ ಮುಗಸ್ರಿ," ಅಂದ್ರು ಹೆಡ್ ಮಾಸ್ತರು. ಅವರ ಮ್ಯಾಲೆ ಬಂದಷ್ಟು ಸಿಟ್ಟು ಆ ತಾಯಿ ಮ್ಯಾಲೂ ಬಂದಿರಲಿಲ್ಲ. ಆಗಂಗಿಲ್ಲ ಅಂದೆ. ಅಂದಿದ್ದೇನೋ ಜೋರಿಲೆ, ಆದ್ರ ಹುಡುಗಿ ಫೇಲಾಗಿ ಮನ್ಯಾಗ ಕುಂತ್ರ ಯಾರು ಎಬ್ಬಸ್ತಾರ?

ಮರುದಿನ ಹುಡುಗಿ ಬಂದು ಪುಸ್ತಕ ನನ್ನ ಡಬ್ಬಿ ಬಾಜೂಕ ಒಗದ್ಲು. ನನಗ ತೋರಸೇ ಬಿಡ್ತೇನಿ ಅನ್ನೋ ಜಿದ್ದಿಗೆ ಬಿದ್ದು, ಗೆಳತಿ ಜೋಡಿ ಕುಂತು ಅರ್ಧ ಲೆಕ್ಕ ಮಾಡಿಕೊಂಡು ಬಂದಿದ್ಲು.

"ಈ ಸಾಲು ಹ್ಯಾಂಗ ಬಂತು, ಅಷ್ಟೇ ಹೇಳ್ರಿ. ಮುಂದಿಂದು ನಾ ಮಾಡ್ತೇನಿ."

ನಮಸ್ಕಾರಿಲ್ಲ, ಏನಿಲ್ಲ. ನಾನೂ ಕೇಳಿದಷ್ಟೇ ಹೇಳಿದೆ. ಹಂಗೇ ದಿನಾ ಬಂದ್ಲು, ದಿನಾ ಮಾರಿ ಗಂಟು ಹಾಕ್ಕೊಂಡೇ. ಬೋರ್ಡಿಗೆ ಕರದ ದಿನ ಚಾಕ್‌ಪೀಸು ಮುರಿಯೋ ಹಂಗ ಒತ್ತಿ ಬರದ್ಲು. ಲೆಕ್ಕ ಸರಿ ಇತ್ತು. ನಾ ಶಾಬಾಸ್ ಅನ್ನೋದ್ರಾಗ ಹೋಗಿ ಕುಂತುಬಿಟ್ಟಿದ್ಲು.

ಪರೀಕ್ಷೆದಾಗ ಗಣಿತ ಪಾಸಾತು. ಅಷ್ಟ್ರಾಗ ಎರಡನೇ ಸಲದ ಹತ್ತಿ ಒಡೀತು. ಒಂದಿನ ಸಾಲಿ ಬಿಡೋ ಹೊತ್ತಿಗೆ ಅವ್ವ ಮತ್ತ ಗೇಟಿಗೆ ಬಂದ್ಲು, ನಾಳಿಂದ ಹೊಲಕ್ಕ ನಡಿ ಅಂತ ಮಗಳಿಗೆ ಅಂದ್ಲು. ಬಸ್ಸಿಗೆ ಹೊಂಟಿದ್ದ ನಾ ಅಲ್ಲೇ ನಿಂತೆ.

"ಐತವಾರ ಬರ್ತೇನಿ ಯವ್ವಾ," ಅಂದ್ಲು ಹುಡುಗಿ. "ಉಳಿದ ದಿನ ಬರಂಗಿಲ್ಲ. ತಪ್ಪಿದ್ದು ಮತ್ತ ಕಲೀಬೇಕಂದ್ರ ಎಷ್ಟು ತ್ರಾಸ ಅದ ನನಗ ಗೊತ್ತದ."

ಅವ್ವ ನನ್ನ ಕಡೆ ಹೊಳ್ಳಿದ್ಲು. "ಇದೂ ನೀವೇ ಕಲಿಸೀರೇನು?"

ನನಗಿಂತ ಮೊದಲು ಹುಡುಗಿನೇ ಅಂದ್ಲು: "ಅವರೇನ್ ಕಲಿಸ್ತಾರ? ನಾನೇ ಕಲ್ತೇನಿ."

ಹೊಟ್ಟಿ ಉರೀತು ನನಗ. ಏನಂತ ಜಗಳಾ ತಗೀಲಿ, ಹುಡುಗಿ ಹೇಳಿದ್ದು ಖರೇನೇ ಇತ್ತು.