ಕಲ್ಲಿನ ಹಸು ಹಿಂದಿರುಗಿ ನೋಡಿದ್ದು

ಚನ್ನಗಿರಿ ತಾಲ್ಲೂಕಿನ ಒಂದು ಸಣ್ಣ ಮ್ಯೂಸಿಯಂನಲ್ಲಿ ಗೈಡ್ ಕೆಲಸಕ್ಕೆ ಸೇರಿದಾಗ ನನಗೆ ನಲವತ್ತೆರಡು ವರ್ಷ. ಮಕ್ಕಳು ಕಾಲೇಜು ಮುಟ್ಟಿದ್ದರು. ಎಂದೋ ಓದಿದ್ದ ಇತಿಹಾಸ ಅರ್ಧ ಮರೆತುಹೋಗಿತ್ತು. ಮೇಲ್ವಿಚಾರಕರು ಹದಿನಾಲ್ಕು ಹಾಳೆ ಕೈಗಿತ್ತು, "ಇಷ್ಟು ಓದ್ಕೊಳ್ರಮ್ಮಾ, ಸಾಕು" ಎಂದರು. ರೊಟ್ಟಿ ಬಡಿಯುವಾಗಲೂ ಗುನುಗಿ ಗುನುಗಿ ಬಾಯಿಪಾಠ ಮಾಡಿದೆ.

ಮೊದಲ ದಿನ ಹೊನ್ನಾಳಿಯಿಂದ ಇಪ್ಪತ್ತು ಜನ ಬಂದಿದ್ದರು. ರಾಜವಂಶ, ಶತಮಾನ, ಶಿಲೆಯ ಜಾತಿ ಎಲ್ಲವನ್ನೂ ಒಂದೇ ಉಸಿರಿಗೆ ಒಪ್ಪಿಸಿದೆ. ಎಲ್ಲೂ ತಡವರಿಸಲಿಲ್ಲ. ತಿರುಗಿ ನೋಡಿದರೆ ಇದ್ದವರು ಒಬ್ಬರೇ, ಅವರೂ ಫ್ಯಾನಿನ ಕೆಳಗೆ. ಮಿಕ್ಕವರು ಹೊರಗೆ ಬೇವಿನ ಮರದಡಿ ಸೆಲ್ಫಿ ತೆಗೆದುಕೊಳ್ಳುತ್ತಿದ್ದರು.

"ನನ್ನ ಕೈಲಿ ಆಗಲ್ಲ ರೀ, ಬಿಟ್ಬಿಡ್ತೀನಿ" ಅಂದೆ ಗಂಡನಿಗೆ.

"ಒಂದು ತಿಂಗಳು ನೋಡು" ಎಂದರು.

ಆ ತಿಂಗಳಲ್ಲೇ ಜಗಳೂರು ಕಡೆಯ ಮಹಿಳಾ ಸಂಘದವರು ಬಂದರು. ನಾನು ವೀರಗಲ್ಲಿನ ಮುಂದೆ ನಿಂತು ಪಾಠ ಶುರು ಮಾಡಿದ್ದೆ. ಒಬ್ಬ ಅಜ್ಜಿ ಕುಕ್ಕರಗಾಲಲ್ಲಿ ಕೂತು, ಕಲ್ಲಿನ ಕೆಳಸಾಲಿಗೆ ಮುಖ ತಂದು, ನಡುವೆಯೇ ಕೇಳಿದರು: "ಯವ್ವಾ, ಎಲ್ಲಾ ದನ ಮುಂದಕ್ಕೆ ಓಡ್ತಾವೆ. ಇದೊಂದು ಹಸ ಯಾಕೆ ಹಿಂದಕ್ಕೆ ನೋಡ್ತೈತೆ?"

ದಿನಾ ಅದೇ ಕಲ್ಲಿನ ಮುಂದೆ ನಿಲ್ಲುತ್ತಿದ್ದ ನಾನು ಆ ಹಸುವನ್ನು ನೋಡಿಯೇ ಇರಲಿಲ್ಲ. ನಾಚಿಕೆಯಾಯಿತು. "ಗೊತ್ತಿಲ್ಲ ಅಜ್ಜಿ, ನೀವೇ ಹೇಳ್ರಿ" ಎಂದು ಪಕ್ಕದಲ್ಲಿ ಕೂತೆ.

"ಕರ ಹಿಂದೆ ಉಳಿದೈತಲ್ಲ, ಇಲ್ನೋಡು." ಅವರ ಬೆರಳ ತುದಿಯಲ್ಲಿ, ಸವೆದ ಕಲ್ಲಿನಲ್ಲಿ, ಹುಣಸೆಬೀಜದಷ್ಟು ಒಂದು ಕರು. "ಕಳ್ಳರು ದನ ಹೊಡ್ಕೊಂಡು ಹೊಂಟಾರೆ. ಬಿಡಿಸಾಕೆ ಹೋಗಿ ಈ ಮನುಷ್ಯ ಸತ್ತಾನೆ. ಹೌದಲ್ಲ?"

ಹೌದು. ಅಷ್ಟು ದಿನ ನಾನು ಹೇಳುತ್ತಿದ್ದುದೂ ಅದನ್ನೇ, ಆದರೆ ಯಾರಿಗೂ ಕಾಣದ ಹಾಗೆ. ಸಂಘದವರೆಲ್ಲ ಕಲ್ಲಿನ ಸುತ್ತ ಕೂತರು. ಸತ್ತ ವೀರನನ್ನು ಅಪ್ಸರೆಯರು ಕರೆದೊಯ್ಯುವ ಮೇಲಿನ ಸಾಲು ತೋರಿಸಿದೆ. "ಮನೇಲಿ ಹೆಂಡ್ತಿ ಅಳ್ತಾ ಕುಂತಿರ್ತಾಳೆ, ಇವನ ಸಡಗರ ನೋಡ್ರೇ!" ಎಂದು ಒಬ್ಬರು ಅಂದದ್ದೇ ತಡ, ಕೋಣೆ ತುಂಬ ನಗು. ಆಮೇಲೆ ಯಾರೋ "ಪಾಪ" ಅಂದರು.

"ಒಂದೇ ಕಲ್ಲಿಗೆ ಒಂದು ತಾಸು ಮಾಡಿದ್ರೆ ಹೆಂಗಮ್ಮಾ?" ಎಂದು ಮೇಲ್ವಿಚಾರಕರು ಗೊಣಗಿದರು. ನಾನು ತೋರಿಸುವ ಕಲ್ಲುಗಳನ್ನು ಕಡಿಮೆ ಮಾಡಿದೆ, ಪ್ರಶ್ನೆಗಳನ್ನಲ್ಲ. ಅಂದಿನಿಂದ ಮೊದಲು ಜನರಿಗೇ ನೋಡಲು ಬಿಡುತ್ತೇನೆ. "ಏನು ಕಾಣ್ತೈತೆ ಹೇಳ್ರಿ" ಎಂದು ಕೇಳಿ ಕಾಯುತ್ತೇನೆ. ಆ ಕಾಯುವುದನ್ನು ಕಲಿಯಲು ವರ್ಷವೇ ಹಿಡಿಯಿತು. ಕೆಲವರು ಏನೂ ಹೇಳುವುದಿಲ್ಲ, ಆಗ ಈಗಲೂ ಆ ಹದಿನಾಲ್ಕು ಹಾಳೆ ನಾಲಿಗೆ ತುದಿಗೆ ಬರುತ್ತವೆ.

ಕಳೆದ ವಾರ ನ್ಯಾಮತಿಯ ಶಾಲಾಮಕ್ಕಳು ಬಂದಿದ್ದರು. ಹಳೆಯ ಲಿಪಿಯ ಶಾಸನದ ಕಲ್ಲಿನಲ್ಲಿ ತಮಗೆ ಗೊತ್ತಿರುವ ಒಂದೇ ಒಂದು ಅಕ್ಷರವಾದರೂ ಹುಡುಕಿ ಎಂದೆ. ನೆಲಕ್ಕೆ ಮೊಣಕಾಲೂರಿ ಹುಡುಕಿದ್ದೇ ಹುಡುಕಿದ್ದು. ಬಸ್ಸಿಗೆ ಹೊತ್ತಾಯಿತೆಂದು ಮೇಷ್ಟ್ರು ಎರಡು ಸಲ ಕರೆದರೂ ಒಬ್ಬರೂ ಏಳಲಿಲ್ಲ. ಕೊನೆಗೆ ಅವರೂ ಬಂದು, ಕನ್ನಡಕ ಸರಿಮಾಡಿಕೊಂಡು, ಕಲ್ಲಿನ ಮುಂದೆ ಬಗ್ಗಿದರು.